ಕ್ಯಾಂಟೀನಿನ ಉಪ್ಪು

ಗಿರಣಿ ಕ್ಯಾಂಟೀನಿನ ಅಡುಗೆ ಅಣ್ಣನವರಿಗೆ ನಮಸ್ಕಾರ.

ನಿಮ್ಮ ಗಿರಣಿಯಲ್ಲೇ ದುಡಿಯುತ್ತಿದ್ದ ನಮ್ಮ ಮನೆಯವರು ತೀರಿಕೊಂಡಾಗಿನಿಂದ ನೀವು ಕಳಿಸುವ ಊಟವನ್ನೇ ಉಣ್ಣುತ್ತಿದ್ದೇವೆ. "ಹೊಗೆಸೊಪ್ಪು ಹಾಕಿ ಹಾಕಿ ನಾಲಿಗೆ ಸತ್ತೋಗಿದೆ, ಉಪ್ಪು ಒಂದು ಹಿಡಿ ಜಾಸ್ತಿನೇ ಬೀಳುತ್ತೆ" ಎಂದು ನೀವೇ ನಗುತ್ತಿದ್ದಿರಿ. ಆ ರುಚಿಗೆ ಇಡೀ ಗಿರಣಿಯೇ ಒಗ್ಗಿಹೋಯಿತು. ಇವರು ಮನೆಯಲ್ಲೂ "ಸಪ್ಪೆ ಕಣೇ, ಇನ್ನೊಂಚೂರು ಹಾಕು" ಅನ್ನುತ್ತಿದ್ದರು. ಹಾಕುತ್ತಿದ್ದೆ. ನಮ್ಮ ಬೀದಿಯಲ್ಲೆಲ್ಲ ಇದೇ ಮಾತು. ಈಗ ಪ್ರತಿ ಮನೆಯಲ್ಲೂ ಬಿಪಿ ಮಾತ್ರೆ. ಇವರಿಗೆ ಮಾತ್ರೆ ನುಂಗುವಷ್ಟೂ ಪುರುಸೊತ್ತು ಸಿಗಲಿಲ್ಲ, ತಲೆಯಲ್ಲಿ ನರ ಒಡೆಯಿತು.

ನಿಮ್ಮ ಮೇಲೆ ಸಿಟ್ಟಿಲ್ಲ. ಯಾರ ಮೇಲೂ ಬರುತ್ತಿಲ್ಲ.

ಕ್ಯಾರಿಯರ್ ತೊಳೆದು ಕಳಿಸಿದ್ದೇನೆ, ನಾಳೆಯಿಂದ ಊಟ ಬೇಡ. ನಿನ್ನೆ ನಾನೇ ಒಲೆ ಹಚ್ಚಿ, ಉಪ್ಪು ಕಡಿಮೆ ಹಾಕಿ ಅಡುಗೆ ಮಾಡಿದೆ. ಮಗಳು ಒಂದು ತುತ್ತು ಬಾಯಿಗಿಟ್ಟು ತಟ್ಟೆ ಪಕ್ಕಕ್ಕೆ ಸರಿಸಿದಳು.

"ಸಪ್ಪೆ ಕಣಮ್ಮಾ, ಇನ್ನೊಂಚೂರು ಹಾಕು."

ಇಂತಿ,
ನಿಮ್ಮ ತಂಗಿಯಂಥವಳು