ನೆರೆಹೊರೆ ಚೆನ್ನಾಗಿದೆ

ಕಡಲ ಬೀದಿ, ನಮ್ಮ ಮನೆ
ನವೆಂಬರ್ ೧೪, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಮಂಡಿನೋವು ಏನನ್ನುತ್ತದೆ? ಡಾಕ್ಟರು ದಿನಾ ನಡೆಯಿರಿ ಎಂದರೆ ನೀನು ಬಾಲ್ಕನಿಯಲ್ಲಿ ನಾಲ್ಕು ಸುತ್ತು ಹಾಕಿ ಆಯಿತು ಎನ್ನುವವಳು, ನನಗೆ ಗೊತ್ತಿಲ್ಲವೆ? ಭಾವನ ಬಿ.ಪಿ. ಹತೋಟಿಯಲ್ಲಿದೆ ತಾನೆ? ನಾನು ಚೆನ್ನಾಗಿದ್ದೇನೆ. ಗಾಳಿಗೆ ಸ್ವಲ್ಪ ಕೆಮ್ಮು, ಅಷ್ಟೆ. ನೀನು ಕಳಿಸಿದ ಕಾಗದಪತ್ರ ಬುಧವಾರ ತಲುಪಿತು. ನಮ್ಮ ಈ ಮನೆ ಮಾರಲು ನನ್ನ ಸಹಿ ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಭಾವ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಅವರ ಅಚ್ಚುಕಟ್ಟು ಅವರಿಗೇ ಸರಿ. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಸ್ಪೀಕರ್ ಹಾಕಿಸಿಕೊಂಡು ಅವರು ನಿನ್ನ ಪಕ್ಕದಲ್ಲೇ ಕೂತಿರುತ್ತಾರೆ. ನಾನು ಒಂದು ಹೇಳಲು ಹೋಗಿ ಇನ್ನೊಂದು ಹೇಳಿ, ಕೊನೆಗೆ ಎಲ್ಲದಕ್ಕೂ ಹೂಂ ಎಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಬೀದಿಯ ಸಮಾಚಾರ ಕೇಳಿದ್ದೆಯಲ್ಲ. ಇಲ್ಲಿ ಈಗ ಬೆಲೆ ಬಿಟ್ಟರೆ ಬೇರೆ ಸಮಾಚಾರವಿಲ್ಲ. ಹಿಂದೆ ಯಾರಾದರೂ ಎದುರು ಸಿಕ್ಕರೆ ಊಟ ಆಯ್ತಾ ಎನ್ನುತ್ತಿದ್ದರು, ಈಗ ಎಷ್ಟಕ್ಕೆ ಹೋಯ್ತಂತೆ ಎನ್ನುತ್ತಾರೆ. ಮೂಲೆಯ ಟೈಲರ್ ತನ್ನ ಎರಡು ಕೋಣೆ ಮಾರಿದ ದುಡ್ಡಿನಲ್ಲಿ ದೂರದ ಊರಿನಲ್ಲಿ ಮಹಡಿ ಮನೆಯನ್ನೇ ಕಟ್ಟಿಸಿದನಂತೆ. ಹೋಗುವ ದಿನ ಹೊಲಿಗೆ ಯಂತ್ರವನ್ನು ಲಾರಿಗೆ ಹಾಕಿ, ಮತ್ತೆ ಒಳಗೆ ಬಂದು ಖಾಲಿ ಗೋಡೆ ನೋಡುತ್ತ ನಿಂತಿದ್ದ. ಕ್ಷೌರದಂಗಡಿ ಇದ್ದಲ್ಲಿ ಪರಿಮಳದ ಮೇಣದಬತ್ತಿ ಮಾರುತ್ತಾರೆ. ಮೀನಿನವಳು ಈ ಕಡೆ ಬರುವುದನ್ನೇ ಬಿಟ್ಟಿದ್ದಾಳೆ. ಎಷ್ಟು ಕೂಗಿದರೂ ಬಾಗಿಲು ತೆಗೆಯುವವರು ಬೇಕಲ್ಲ. ಅಲೆಯ ಸದ್ದು ಕೇಳುವ ಮನೆಯಲ್ಲಿದ್ದುಕೊಂಡು ಮೀನು ತರಲು ನಾನು ಬಸ್ಸು ಹತ್ತಿ ಪೇಟೆಗೆ ಹೋಗಬೇಕು. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂದು ಅಮ್ಮ ಹೇಳುತ್ತಿದ್ದಾಗ ಅದು ಬೇರೆ ಯಾರಿಗೋ ಅಂದದ್ದು ಎಂದುಕೊಂಡಿದ್ದೆ. ಮನೆ ಕೊಂಡವರು ಮಕ್ಕಳಿಗೆ ರಜೆ ಬಂದಾಗ ನಾಲ್ಕು ದಿನ ಬಂದು, ಮರಳು ತುಳಿದು, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಉಳಿದ ದಿನವೆಲ್ಲ ಬೀಗ.

ಆ ಬೀಗಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ ಎಂದಷ್ಟೇ ನಿನಗೆ ಹೇಳಿದ್ದೆ. ಪೂರ್ತಿ ಹೇಳಿದರೆ ನಗುತ್ತೀಯೆ. ನಮ್ಮ ಬ್ರೋಕರನಿಗೆ ಬಿಳಿ ಶೂ ಎಂದು ನಾನಿಟ್ಟ ಹೆಸರು. ಈ ಮರಳಿನ ಬೀದಿಗೆ ದಿನಾ ಬಿಳಿ ಶೂ ಹಾಕಿಕೊಂಡು ಬಂದು, ಕಲೆ ಮಾಡಿಕೊಳ್ಳದೆ ಹೋಗುವ ಮನುಷ್ಯ ಅವನು. ಕತ್ತಲೆ ಬೀದಿಯಲ್ಲಿ ಮನೆಗೆ ಬೆಲೆ ಬರುವುದಿಲ್ಲ ಎನ್ನುವುದು ಅವನ ಸಿದ್ಧಾಂತ. ಯಾರೂ ಇಲ್ಲದ ಕಡೆ ಯಾರು ಬಂದು ಇರುತ್ತಾರೆ? ಅದಕ್ಕೆ ಸಂಜೆಯಾದರೆ ನಾನು ಬೀಗದ ಕೈ ಗೊಂಚಲು ಹಿಡಿದು ಹೊರಡುತ್ತೇನೆ. ಒಂದು ಮನೆಯಲ್ಲಿ ಅಡುಗೆಮನೆಯ ದೀಪ ಹಾಕಿದರೆ ಮುಂದಿನದರಲ್ಲಿ ಮಹಡಿಯ ದೀಪ, ಅದರಾಚೆ ರೇಡಿಯೋ. ಹಿತ್ತಲ ತಂತಿಯ ಮೇಲೆ ಟವೆಲು, ಮಕ್ಕಳ ಅಂಗಿ. ಬಾಗಿಲ ಮುಂದೆ ಹಳೆಯ ಚಪ್ಪಲಿ. ಗಿರಾಕಿ ಬರುವ ದಿನ ಪಕ್ಕದ ಮನೆಯಲ್ಲಿ ಒಂದು ಈರುಳ್ಳಿ ಹುರಿಯಬೇಕು. ಅದು ನಾನೇ ಕೊಟ್ಟ ಉಪಾಯ, ಬಿಳಿ ಶೂ ಬಹಳ ಮೆಚ್ಚಿಕೊಂಡ. ಊಟದ ಹೊತ್ತು ಕಳೆದ ಮೇಲೆ ಮತ್ತೊಂದು ಸುತ್ತು ಹೋಗಿ ಎಲ್ಲ ಆರಿಸಿ ಬರುತ್ತೇನೆ. ಮಾಲೀಕರೂ ಒಪ್ಪಿದ್ದಾರೆ, ಕಳ್ಳರ ಭಯವೂ ಇಲ್ಲ, ಬೆಲೆಯೂ ಏರುತ್ತದೆ. ಗಿರಾಕಿಗಳ ಮುಂದೆ ಅವನು 'ನೆರೆಹೊರೆ ತುಂಬಾ ಚೆನ್ನಾಗಿದೆ ಸಾರ್' ಎನ್ನುವಾಗ ನನಗೆ ನಗು ತಡೆಯಲಾಗುವುದಿಲ್ಲ. ಅವನು ಹೊಗಳುತ್ತಿರುವುದೆಲ್ಲ ನನ್ನೊಬ್ಬಳನ್ನೇ.

ಮೊದಮೊದಲು ತಮಾಷೆಯಾಗಿಯೇ ಇತ್ತು ಅಕ್ಕಾ. ಈಗ ರೇಡಿಯೋ ಹಾಕಿದ ಮನೆಯಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ಕೂತುಬಿಡುತ್ತೇನೆ. ಒಂದು ಸಂಜೆ ನಮ್ಮ ಜಗಲಿಯಲ್ಲಿ ನಿಂತು ನೋಡಿದರೆ ಆಚೆ ಕಿಟಕಿಯಲ್ಲಿ ಬೆಳಕು. ಅಯ್ಯೋ, ಯಾರೋ ಬಂದಿದ್ದಾರೆ ಎಂದು ಎಷ್ಟು ಖುಷಿಯಾಯಿತು ಗೊತ್ತೆ? ಆಮೇಲೆ ನೆನಪಾಯಿತು, ಆಗಷ್ಟೇ ನಾನೇ ಹಾಕಿ ಬಂದದ್ದು. ಒಳಗೆ ಹೋಗಿ ಒಬ್ಬಳೇ ಊಟಕ್ಕೆ ಕೂತೆ. ನಿನ್ನ ಕಾಗದ ಬಂದ ದಿನ ಸಹಿ ಹಾಕಲು ಪೆನ್ನು ಕೈಗೆತ್ತಿಕೊಂಡದ್ದೂ ಈ ಬೇಸರದಲ್ಲೇ. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಏನ್ ಮಾಡ್ತೀಯೇ, ನಿನ್ನ ಪಾಲಿನ ದುಡ್ಡಲ್ಲಿ ನಮ್ಮ ಹತ್ರಾನೇ ಒಂದು ಪುಟ್ಟ ಮನೆ ತಗೋ ಎಂದು ನೀನು ಬರೆದದ್ದನ್ನು ಎರಡೆರಡು ಸಲ ಓದಿದೆ. ಚಿಕ್ಕಂದಿನಲ್ಲಿ ಬಾಲದ ಹಾಗೆ ನಿನ್ನ ಹಿಂದೆಯೇ ತಿರುಗುತ್ತಿದ್ದವಳು, ಈಗಲೂ ಹೊರಟುಬಿಡೋಣ ಅನ್ನಿಸಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಮಾರಿ ನೋಡು ಎಂದು ಯಾಕೆ ಹೇಳಲಿಲ್ಲವೋ. ಶಾಯಿ ಒಣಗಿತ್ತು. ಬೇರೆ ಪೆನ್ನು ಹುಡುಕುವಷ್ಟರಲ್ಲಿ ದೀಪ ಹಾಕುವ ಹೊತ್ತಾಯಿತು, ಎದ್ದು ಹೋದೆ.

ಶುಕ್ರವಾರ ನಡೆದದ್ದು ಕೇಳು. ನಮ್ಮ ಎದುರಿನ ಹಳದಿ ಮನೆಗೆ ಒಬ್ಬರು ರಿಟೈರ್ಡ್ ನರ್ಸಮ್ಮ ಅಡ್ವಾನ್ಸ್ ಕೊಟ್ಟಿದ್ದಾರೆ. ಬದುಕೆಲ್ಲ ಆಸ್ಪತ್ರೆ ಕ್ವಾರ್ಟರ್ಸಿನಲ್ಲಿ ಕಳೆದವರು, ಹಿಂದೆ ಮುಂದೆ ಯಾರೂ ಇಲ್ಲ. ಮನೆ ನೋಡಲು ಬಂದ ದಿನ ಸಮುದ್ರದ ಕಡೆ ತಿರುಗಿಯೂ ನೋಡಲಿಲ್ಲ. ಎರಡೂ ಪಕ್ಕದ ಮನೆಗಳ ಬೆಳಕು ನೋಡಿ, ತಂತಿಯ ಮೇಲಿನ ಪುಟ್ಟ ಅಂಗಿ ನೋಡಿ, 'ಸದ್ಯ, ಇಲ್ಲಿ ಜನ ಇದ್ದಾರಪ್ಪಾ' ಎಂದು ಬಿಳಿ ಶೂಗೆ ಹೇಳಿದ್ದು ನನಗೆ ಕೇಳಿಸಿತ್ತು. ಶುಕ್ರವಾರ ಅವರು ಪರದೆಗೆ ಅಳತೆ ತೆಗೆಯಲು ಒಬ್ಬರೇ ಬಂದಿದ್ದಾರೆ, ನನಗೆ ಗೊತ್ತಿಲ್ಲ. ಎಡಗಡೆಯ ಮನೆಯಲ್ಲಿ ದೀಪ ಹಾಕುತ್ತಿದ್ದೆ, ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ನರ್ಸಮ್ಮ, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಪಕ್ಕದ ಮನೆಗೆ ಬರುವವಳು ನಾನು, ಪರಿಚಯ ಮಾಡಿಕೊಳ್ಳೋಣ ಅಂತ ಬಂದೆ ಎಂದರು. ಪೊಟ್ಟಣ ತೆಗೆದುಕೊಂಡು ಹಲ್ಲು ಬಿಟ್ಟೆ. ಅವರು ಮೆಟ್ಟಿಲಿಳಿದದ್ದೇ ತಡ, ಹಿತ್ತಲ ಬಾಗಿಲಿನಿಂದ ಹಾರಿ, ಹಳದಿ ಮನೆಯ ಹಿಂದಿನಿಂದ ಓಡಿ, ಬಲಗಡೆಯ ಮನೆ ಸೇರಿ ರೇಡಿಯೋ ಹಾಕಿದೆ. ಮತ್ತೆ ಬಾಗಿಲು ತಟ್ಟಿದರು. ತೆಗೆಯದೆ ಸುಮ್ಮನಿರಬಹುದಿತ್ತು ನೋಡು. ಆದರೆ ಈ ಬೀದಿಯಲ್ಲಿ ಯಾರಾದರೂ ಬಾಗಿಲು ತಟ್ಟಿ ಎಷ್ಟು ಕಾಲವಾಗಿತ್ತು! ಕಾಲು ತಾನಾಗಿಯೇ ಹೋಯಿತು, ಕೈ ಚಿಲಕ ತೆಗೆಯಿತು.

ಎರಡನೇ ಪೊಟ್ಟಣ ಹಿಡಿದುಕೊಂಡು ಅವರು ನನ್ನನ್ನು ನೋಡಿದರು. ನಾನು ಏದುಸಿರು ಬಿಡುತ್ತಿದ್ದೆ. ಮೊದಲ ಪೊಟ್ಟಣ ಇನ್ನೂ ನನ್ನ ಕಂಕುಳಲ್ಲೇ ಇತ್ತು. ಬೈಯುತ್ತಾರೆ, ಅಡ್ವಾನ್ಸ್ ವಾಪಸ್ ಕೇಳುತ್ತಾರೆ, ಬಿಳಿ ಶೂ ನನ್ನನ್ನು ಕೆಲಸದಿಂದ ತೆಗೆಯುತ್ತಾನೆ ಎಂದುಕೊಂಡೆ. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತರು. ನಾನೂ ಕೂತೆ. ಎಲ್ಲ ಹೇಳಿದೆ, ಈರುಳ್ಳಿಯ ವಿಷಯವನ್ನೂ ಬಿಡದೆ. ಆ ಪುಟ್ಟ ಅಂಗಿ ಯಾವ ಮಗುವಿನದೂ ಅಲ್ಲ ಎಂದಾಗ ಮಾತ್ರ ಅವರ ಮುಖ ಸಣ್ಣದಾಯಿತು, ನನಗೆ ನೋಡಲಾಗಲಿಲ್ಲ. ಆಮೇಲೆ 'ಹಾಗಾದ್ರೆ ಈ ಬೀದೀಲಿ ನಿಜವಾಗ್ಲೂ ಇರೋರು ಯಾರಮ್ಮಾ' ಎಂದು ಕೇಳಿದರು. ನಮ್ಮ ಮನೆ ತೋರಿಸಿದೆ. ಮಹಡಿಯ ಕಿಟಕಿಯಲ್ಲಿ ಬೆಳಕಿತ್ತು. ಅದನ್ನೇ ನೋಡುತ್ತ ಕೂತಿದ್ದು, 'ನೀವೂ ಮಾರ್ಕೊಂಡು ಹೋಗಲ್ಲ ತಾನೆ' ಎಂದರು. ಇಬ್ಬರೂ ಬಿಸ್ಕತ್ತು ತಿಂದೆವು. ಹೋಗುವಾಗ ಅವರು ಕಿಟಕಿಗಳ ಅಳತೆ ಬರೆದುಕೊಂಡೇ ಹೋದರು.

ನಿನ್ನ ಪಾಲು ನಿನ್ನದು ಅಕ್ಕಾ, ಅದಕ್ಕೆ ಎರಡು ಮಾತಿಲ್ಲ. ನಿಮ್ಮ ಬಾಡಿಗೆ ಮನೆಯ ಪಾಡು ನನಗೂ ಗೊತ್ತು. ಬೆಲೆ ನೆತ್ತಿಗೇರಿದಾಗ ಮಾರಬೇಕು ಎನ್ನುವ ಭಾವನ ಮಾತಿನಲ್ಲಿ ತಪ್ಪೂ ಇಲ್ಲ. ನಿನ್ನ ಹತ್ತಿರ ಇರಬೇಕೆಂಬ ಆಸೆ ನನಗಿಲ್ಲ ಎಂದುಕೊಳ್ಳಬೇಡ, ಬೆಟ್ಟದಷ್ಟಿದೆ. ಹೊತ್ತಾಯಿತು, ಬಲಗಡೆ ಮನೆಯ ರೇಡಿಯೋಗೆ ಸೆಲ್ ತರಬೇಕು. ಭಾವನಿಗೆ ನನ್ನ ನಮಸ್ಕಾರ ಹೇಳು, ಮಗಳ ತಲೆ ನೇವರಿಸು. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ.

ಇಂತಿ,
ನಿನ್ನ ಬಾಲ

ಮರೆತಿದ್ದೆ: ನರ್ಸಮ್ಮನಿಗೆ 'ನಾನೆಲ್ಲಿಗೂ ಹೋಗಲ್ಲ' ಎಂದುಬಿಟ್ಟೆ. ಹೇಳಿದ ಮೇಲೆ, ಅದು ನಿಜ ಎಂದು ನನಗೇ ಗೊತ್ತಾಯಿತು. ಕಾಗದಗಳನ್ನು ಸಹಿ ಮಾಡದೆ ಇದರ ಜೊತೆಗೇ ಇಟ್ಟಿದ್ದೇನೆ. ಸಿಟ್ಟಾಗು, ಬೈ, ಆದರೆ ಒಂದೆರಡು ವರ್ಷ ತಡೆದುಕೋ. ಬೆಲೆ ಬಿದ್ದೀತು ಎಂದು ಭಾವ ಹೆದರುವುದು ಬೇಡ, ಬೀಳದಂತೆ ದೀಪ ಹಾಕುವವಳು ಇಲ್ಲೇ ಇರುತ್ತಾಳೆ. ಇನ್ನೊಂದು ಮಾತು. ಶುಕ್ರವಾರ ಸಂಜೆ ನಮ್ಮ ಮಹಡಿಯಲ್ಲಿ ಇದ್ದದ್ದು ನಿನ್ನ ಕೋಣೆಯ ಬೆಳಕು. ದಿನಾ ಅದನ್ನು ಹಾಕಿದ ಮೇಲೆಯೇ ಬೇರೆ ಮನೆಗಳಿಗೆ ಹೊರಡುತ್ತೇನೆ. ಅದು ಬಿಳಿ ಶೂ ಹೇಳಿದ ಕೆಲಸವಲ್ಲ. ಎಲ್ಲ ಮುಗಿಸಿ ವಾಪಸ್ ಬರುವಾಗ, ಬೀದಿಯ ತುದಿಯಿಂದ ನೋಡಿದರೆ, ನೀನು ಮನೆಯಲ್ಲಿದ್ದ ಹಾಗೆ ಕಾಣುತ್ತದೆ.