ಮೊದಲ ಲೋಟ ಪೊಲೀಸರಿಗೆ

ಮಾನ್ಯ ಪ್ರಾಂತೀಯ ಸಂಚಾರ ಪೊಲೀಸ್ ಮೇಲಧಿಕಾರಿಗಳೇ,

ಗಂಟೆಗೆ ಐವತ್ತು ಕಿಲೋಮೀಟರ್ ಮೀರಬಾರದೆಂದು ತಾವೇ ಫಲಕ ನೆಟ್ಟಿರುವ ರಸ್ತೆಯಲ್ಲಿ ತಮ್ಮ ಇಲಾಖೆಯ ಜೀಪು ತೊಂಬತ್ತಾರರ ವೇಗದಲ್ಲಿ ಬಂದು ನನ್ನ ಗಂಡನ ಬಲಗಾಲು ಮುರಿಯಿತು. ಜೀಪಿನ ಚಾಲಕರ ಮೇಲೆ ಮೊಕದ್ದಮೆಯಿಲ್ಲ. ನನ್ನ ಗಂಡನ ಮೇಲಿದೆ. ಸಾರ್ವಜನಿಕ ರಸ್ತೆಗೆ ಅಡ್ಡಿಪಡಿಸಿದರಂತೆ. ಮುಂದಿನ ತಿಂಗಳು ಒಂಬತ್ತನೇ ತಾರೀಕು ಅವರು ಊರುಗೋಲು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ಈ ಬಗ್ಗೆ ತಮಗೆ ನೋಂದಾಯಿತ ಅಂಚೆಯಲ್ಲಿ ಮೂರು ಪತ್ರ ಕಳಿಸಿದೆ. ಮೂರೂ ತಮ್ಮ ಮೇಜಿಗೆ ತಲುಪಿವೆ. ಬೇರೆ ಯಾವುದರಲ್ಲಿ ನನಗೆ ಟೋಪಿ ಹಾಕಿದರೂ ಅಂಚೆಯ ವಿಷಯದಲ್ಲಿ ಹಾಕಲಾಗುವುದಿಲ್ಲ. ಉತ್ತರ ಬಾರದ್ದರಿಂದ ನಾಲ್ಕನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಬೇವಿನ ತಿರುವಿನ ಉಪ ಅಂಚೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಅಂಚೆ ಮುಖ್ಯಸ್ಥೆ, ಊರವರ ಬಾಯಲ್ಲಿ ಪೋಸ್ಟ್ ಮಿಸ್, ಆಗಿದ್ದು, ಕಳೆದ ಜೂನ್ ಕೊನೆಗೆ ನಿವೃತ್ತಳಾದೆ. ನಮ್ಮ ದೇಶದಲ್ಲಿ ವೇಗ ಮೀರಿದವರ ಲೈಸೆನ್ಸನ್ನು ತಮ್ಮವರು ಕಿತ್ತುಕೊಂಡು ಕೈಗೊಂದು ಚೀಟಿ ಕೊಡುತ್ತಾರೆ. ಆ ಚೀಟಿ ಹಿಡಿದು ಅವರು ಬಂದು ನಿಲ್ಲುವುದು ಅಂಚೆ ಕಚೇರಿಯ ಕಿಟಕಿಗೆ. ದಂಡ ಕಟ್ಟಿ, ರಸೀದಿ ತೋರಿಸಿದ ಮೇಲೆಯೇ ಲೈಸೆನ್ಸ್ ವಾಪಸು. ಹೀಗೆ ಇಪ್ಪತ್ತೆರಡು ವರ್ಷ ಈ ಪ್ರಾಂತ್ಯದ ಪಾಪಿಗಳೆಲ್ಲ ನನ್ನ ಕಿಟಕಿಯ ಮುಂದೆ ಸಾಲು ನಿಂತಿದ್ದಾರೆ. ಬಸ್ ಚಾಲಕರು, ಮೀನಿನ ಲಾರಿಯವರು, ಹೆರಿಗೆಗೆಂದು ಹೆಂಡತಿಯನ್ನು ಕರೆದೊಯ್ಯುತ್ತಿದ್ದ ಗಂಡ, ಒಮ್ಮೆ ಬೌದ್ಧ ಭಿಕ್ಷುಗಳೊಬ್ಬರ ಕಾರಿನ ಚಾಲಕ ಕೂಡ. ಒಬ್ಬನೇ ಒಬ್ಬ ಪೊಲೀಸು ಆ ಸಾಲಿನಲ್ಲಿ ನಿಂತದ್ದನ್ನು ನಾನು ಕಾಣಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ತಮ್ಮ ಇಲಾಖೆಯ ಒಂದು ಗಾಡಿಯೂ ಐವತ್ತು ಮೀರಿಲ್ಲವೆಂದು ನಂಬಲು ನಾನು ಸಿದ್ಧಳಿದ್ದೆ, ನಮ್ಮ ಮನೆ ರಸ್ತೆ ಬದಿಯಲ್ಲಿ ಇಲ್ಲದೇ ಹೋಗಿದ್ದರೆ.

ನನ್ನ ಗಂಡ ಧರ್ಮಸೇನ ವೃತ್ತಿಯಲ್ಲಿ ದರ್ಜಿ. ಹೋದ ವರ್ಷ ಇದೇ ತಿರುವಿನಲ್ಲಿ ಅವರ ಸ್ಕೂಟರು ಐವತ್ತೇಳರಲ್ಲಿ ಸಿಕ್ಕಿಬಿತ್ತು. ಚೀಟಿ ಹಿಡಿದು ನನ್ನ ಕಚೇರಿಗೇ ಬಂದರು, ಪಕ್ಕದ ಬಾಗಿಲಿನಿಂದ ಒಳಗೆ ಇಣುಕಿದರು. ಸಾಲಿನಲ್ಲಿ ನಿಲ್ಲಿ ಎಂದೆ. ಮುಂದೆ ಹನ್ನೊಂದು ಜನರಿದ್ದರು. ತಮ್ಮ ಸರದಿ ಬಂದಾಗ ಕಿಟಕಿಗೆ ಬಾಯಿಟ್ಟು, "ಪೋಸ್ಟ್ ಮಿಸ್ಸಮ್ಮಾ, ಇವತ್ತು ಮನೇಲಿ ಅನ್ನಕ್ಕೂ ಸಾಲಲ್ಲಿ ನಿಲ್ಬೇಕಾ?" ಎಂದು ಕೇಳಿದರು. ಹಿಂದಿದ್ದವರೆಲ್ಲ ನಕ್ಕರು. ನಾನು ನಗದೆ ರಸೀದಿ ಹರಿದು ಕೊಟ್ಟೆ. ಇದನ್ನು ಬಡಾಯಿಗೆ ಹೇಳುತ್ತಿಲ್ಲ. ಸರ್ಕಾರಿ ಕುರ್ಚಿಯ ಮೇಲೆ ಕೂತವರು ತಮ್ಮವರಿಗೂ ಅದೇ ನಿಯಮ ಹಾಕಿದರೆ ಆಕಾಶ ಕಳಚಿ ಬೀಳುವುದಿಲ್ಲ ಎಂಬುದಕ್ಕೆ ನನ್ನ ಬಳಿ ಇರುವ ಪುರಾವೆ ಇದು.

ಈಗ ವೆಸಕ್ ಹುಣ್ಣಿಮೆಯ, ಅಂದರೆ ಬುದ್ಧ ಪೂರ್ಣಿಮೆಯ ಬೆಳಗಿನ ಮಾತು. ಹನ್ನೊಂದು ವರ್ಷದಿಂದ ನಮ್ಮ ತಿರುವಿನವರು ಸೇರಿ ಅಂದು ಅರವಟ್ಟಿಗೆ ಇಡುತ್ತೇವೆ. ಬಿಲ್ವದ ಹೂವು ಕುದಿಸಿದ ಬಿಸಿ ಕಷಾಯ, ಜೊತೆಗೊಂದು ತುಂಡು ಬೈನೆ ಮರದ ಬೆಲ್ಲ. ಆರೋಗ್ಯ ಇನ್‌ಸ್ಪೆಕ್ಟರ ಅನುಮತಿ ಇತ್ತು, ತಮ್ಮ ಠಾಣೆಯ ಅನುಮತಿಯೂ ಇತ್ತು, ಮೊಹರು ಸಮೇತ. ಭಿಕ್ಷುಗಳು ಬಂದು ಪಿರಿತ್ ಮಂತ್ರ ಹೇಳಿ ಹರಸಿ ಹೋದ ಮೇಲೆ ಹಂಚುವುದು ಶುರು. ಮೊದಲ ಲೋಟ ಯಾರಿಗೆ ಎಂಬುದು ನಮ್ಮಲ್ಲಿ ಎಂದೋ ತೀರ್ಮಾನವಾದ ಸಂಗತಿ. ಹಬ್ಬದ ದಿನವೂ ಮನೆ ಬಿಟ್ಟು ರಸ್ತೆ ಕಾಯುತ್ತಾರಲ್ಲ, ಆ ಪೊಲೀಸರಿಗೆ. ಪ್ರತಿ ವರ್ಷ ಠಾಣೆಯ ಜೀಪು ಬರುತ್ತಿತ್ತು, ನಿಧಾನವಾಗುತ್ತಿತ್ತು, ಧರ್ಮಸೇನ ತಟ್ಟೆ ಹಿಡಿದು ಎದುರು ಹೋಗುತ್ತಿದ್ದರು. ಅದು ನಮ್ಮ ಹಬ್ಬದ ಆರಂಭ. ಈ ವರ್ಷವೂ ಹತ್ತೂ ಇಪ್ಪತ್ತಕ್ಕೆ ಜೀಪು ಕಂಡಿತು. ಬಿಳಿ ಲುಂಗಿ, ಬಿಳಿ ಅಂಗಿ ತೊಟ್ಟಿದ್ದ ನನ್ನ ಗಂಡ ತಟ್ಟೆಯಲ್ಲಿ ನಾಲ್ಕು ಲೋಟ ಇಟ್ಟುಕೊಂಡು ನಗುತ್ತಾ ರಸ್ತೆಯ ಅಂಚಿನಿಂದ ಎರಡು ಹೆಜ್ಜೆ ಮುಂದೆ ಇಟ್ಟರು.

ನಮ್ಮ ತಪ್ಪು ಅದೇ, ಸ್ವಾಮಿ. ಲಾರಿ ಬಂದಿದ್ದರೆ ಅವರು ಹೆಜ್ಜೆ ಇಡುತ್ತಿರಲಿಲ್ಲ. ಖಾಸಗಿ ಬಸ್ಸು ಬಂದಿದ್ದರೆ ಬೇಲಿಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಬಂದದ್ದು ಪೊಲೀಸ್ ಜೀಪು ಎಂದೇ ಧೈರ್ಯವಾಗಿ ಇಳಿದರು.

ಸೈರನ್ ಇರಲಿಲ್ಲ. ನೀಲಿ ದೀಪವೂ ಉರಿಯುತ್ತಿರಲಿಲ್ಲ. ಕಳ್ಳನನ್ನು ಬೆನ್ನಟ್ಟುವ ಜೀಪಿಗೆ, ಗಾಯಾಳುವನ್ನು ಹೊತ್ತ ಜೀಪಿಗೆ ದಾರಿ ಬಿಡಬೇಕೆಂಬುದು ನಮಗೂ ಗೊತ್ತು. ಕಾನೂನು ಕೊಟ್ಟಿರುವ ಆ ರಿಯಾಯಿತಿಗೆ ನನ್ನ ತಕರಾರಿಲ್ಲ. ಹಾಗಾದರೆ ಆ ಜೀಪು ಯಾವ ಕಳ್ಳನ ಹಿಂದೆ ಓಡುತ್ತಿತ್ತು? ಇನ್ನೂರು ಅಡಿ ಮುಂದೆ ಹೋಗಿ ಅದು ನಿಂತಾಗ ಹಿಂದಿನ ಬಾಗಿಲು ತೆರೆದುಕೊಂಡು ಒಳಗಿನದೆಲ್ಲ ರಸ್ತೆಗೆ ಉರುಳಿತು. ಐಸ್‌ಕ್ರೀಮಿನ ಡಬ್ಬಗಳು. ಪಟ್ಟಣದ ತಮ್ಮ ಕಚೇರಿಯ ಮುಂದೆ ಅಂದು ಪೊಲೀಸ್ ಇಲಾಖೆಯದೇ ಐಸ್‌ಕ್ರೀಮ್ ಅರವಟ್ಟಿಗೆ ಇತ್ತು, ಹನ್ನೊಂದಕ್ಕೆ ತಾವು ಅದನ್ನು ಉದ್ಘಾಟಿಸಬೇಕಿತ್ತು. ಕರಗುವುದರೊಳಗೆ ತಲುಪಿಸಬೇಕಿತ್ತು. ಅದಕ್ಕೆ ತೊಂಬತ್ತಾರು.

ನನ್ನ ಗಂಡ ಮೋರಿಯ ಪಕ್ಕ ಬಿದ್ದಿದ್ದರು, ಬಿಸಿ ಕಷಾಯ ಎದೆಯ ಮೇಲೆಲ್ಲ ಚೆಲ್ಲಿತ್ತು. ತಮ್ಮ ಚಾಲಕರು ಜೀಪಿನಿಂದ ಇಳಿದರು. ಇಳಿದವರು ಮೊದಲು ಡಬ್ಬಗಳನ್ನು ಎತ್ತಿಟ್ಟುಕೊಂಡರು. ನಾನಿದನ್ನು ಕಣ್ಣಾರೆ ಕಂಡೆ. ನನ್ನ ಗಂಡನನ್ನು ಆಸ್ಪತ್ರೆಗೆ ಒಯ್ದದ್ದು ತಮ್ಮ ಜೀಪಲ್ಲ, ಪಕ್ಕದ ಮನೆಯವರ ಮೂರು ಗಾಲಿಯ ಗಾಡಿ. ಅದೂ ನಲವತ್ತರಲ್ಲಿ ಹೋಯಿತು, ದಂಡ ಬೀಳುತ್ತದೆಂಬ ಹೆದರಿಕೆಗೆ. ಮರುದಿನದ ಪತ್ರಿಕೆಯಲ್ಲಿ ತಮ್ಮ ಫೋಟೋ ನೋಡಿದೆ, ಒಂದು ಮಗುವಿನ ಕೈಗೆ ಐಸ್‌ಕ್ರೀಮ್ ಕೊಡುತ್ತಿದ್ದಿರಿ. ಕರಗಿರಲಿಲ್ಲ, ಸಂತೋಷ.

ತೊಂಬತ್ತಾರು ಎಂದು ಇವಳಿಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ತಮ್ಮ ಯಂತ್ರವೇ ಹೇಳಿತು. ವೇಗ ಅಳೆಯುವ ಯಂತ್ರ ಹಿಡಿದ ಕಾನ್‌ಸ್ಟೇಬಲ್ ಅಂದು ನಮ್ಮ ಬೇವಿನ ಮರದ ಕೆಳಗೇ ನಿಂತಿದ್ದರು. ಪಿಂಚಣಿಗೆ ಹತ್ತಿರವಾದ ಮನುಷ್ಯ, ನಮ್ಮ ಮನೆಯ ಚಹಾ ಕುಡಿದವರು, ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಾನು ಕಿರುಚಿಕೊಂಡು ಓಡಿದಾಗ ಅವರು ಯಂತ್ರವನ್ನು ಕೆಳಗಿಳಿಸುವುದನ್ನೂ ಮರೆತು ನಿಂತಿದ್ದರು. ಅದರ ಮೇಲೆ ಒಂಬತ್ತು, ಆರು ಎಂಬ ಅಂಕಿಗಳು ಹೊಳೆಯುತ್ತಿದ್ದವು. ಆಮೇಲೆ ಆಸ್ಪತ್ರೆಯ ವರಾಂಡಕ್ಕೆ ಬಂದು ಗೋಡೆ ನೋಡುತ್ತಾ, "ಅಕ್ಕಾ, ನೀವು ನೋಡಿದ್ದು ನಿಜ. ಆದ್ರೆ ನಮ್ಮ ಗಾಡಿ ಬಂದ್ರೆ ನಾವು ಬರ್ಕೊಳಲ್ಲ. ಮೊದ್ಲಿಂದ ಹಂಗೇ," ಎಂದರು. ಹದಿನೈದು ದಿನದೊಳಗೆ ಅವರಿಗೆ ದೂರದ ಠಾಣೆಗೆ ವರ್ಗವಾಯಿತು.

ತಮ್ಮ ಠಾಣೆಯ ವರದಿ ಬೇರೆ ಹೇಳುತ್ತದೆ. ಜೀಪು ನಲವತ್ತರ ಆಸುಪಾಸಿನಲ್ಲಿತ್ತಂತೆ, ಪಾದಚಾರಿಯು ಏಕಾಏಕಿ ಹಾರಿದರಂತೆ. ಅರವತ್ತೊಂದು ವಯಸ್ಸಿನ ದರ್ಜಿ, ಕೈಯಲ್ಲಿ ನಾಲ್ಕು ಲೋಟ ಹಿಡಿದು ಹಾರಿದರು. ಯಂತ್ರದ ಅಂಕಿ ಎಲ್ಲಿ ಎಂದು ಕೇಳಿದರೆ, ಆ ಹೊತ್ತಿಗೆ ಬ್ಯಾಟರಿ ಇಳಿದಿತ್ತು ಎಂದರು. ಇಲ್ಲಿ ತಮ್ಮವರಿಗೆ ಒಂದು ಎಡವಟ್ಟಾಯಿತು. ದಂಡದ ಚೀಟಿಯಲ್ಲಿ ಹೊತ್ತು ಬರೆದಿರುತ್ತದೆ ಮತ್ತು ಆ ಚೀಟಿಗಳು ಕೊನೆಗೆ ಪೋಸ್ಟ್ ಮಿಸ್ ಕಿಟಕಿಗೇ ಬರುತ್ತವೆ ಎಂಬುದನ್ನು ಮರೆತರು. ವೆಸಕ್ ಕಳೆದ ಮರುವಾರ ಒಬ್ಬ ವ್ಯಾನಿನವರು ದಂಡ ಕಟ್ಟಲು ಬಂದರು. ಅದೇ ದಿನ, ಅದೇ ಮರ, ಹತ್ತೂ ಹನ್ನೆರಡು. ಎರಡು ದಿನ ಬಿಟ್ಟು ಒಬ್ಬ ಮೋಟರ್ ಸೈಕಲಿನವರು ಬಂದರು. ಅದೇ ಯಂತ್ರ, ಹತ್ತೂ ಹದಿನೆಂಟು. ಇಬ್ಬರೂ ತಮ್ಮ ಚೀಟಿಯ ನಕಲನ್ನು ನನಗೆ ತಾವಾಗಿಯೇ ಕೊಟ್ಟಿದ್ದಾರೆ. ಹತ್ತೂ ಹದಿನೆಂಟಕ್ಕೆ ಊರವನನ್ನು ಹಿಡಿದ ಬ್ಯಾಟರಿ, ಹತ್ತೂ ಇಪ್ಪತ್ತಕ್ಕೆ ಪೊಲೀಸ್ ಜೀಪು ಕಂಡ ಕೂಡಲೇ ಪ್ರಾಣ ಬಿಟ್ಟಿತೇ? ಎಂಥ ಸ್ವಾಮಿಭಕ್ತಿಯ ಬ್ಯಾಟರಿ, ಅದಕ್ಕೊಂದು ಪದಕ ಕೊಡಿಸಿ.

ಮೊನ್ನೆ ತಮ್ಮ ಠಾಣೆಯ ಒಬ್ಬ ಅಧಿಕಾರಿ, ಪೊಲೀಸ್ ಚಾಲಕರು ವಿಶೇಷ ತರಬೇತಿ ಪಡೆದವರು, ಜನಸಾಮಾನ್ಯರ ಮಿತಿ ಅವರಿಗೆ ಹೊಂದುವುದಿಲ್ಲ ಎಂದು ನನಗೆ ಪಾಠ ಹೇಳಿದರು. ತರಬೇತಿ ಪಡೆದವರು ಗುದ್ದಿದರೆ ಮೂಳೆ ಮೆತ್ತಗೆ ಮುರಿಯುತ್ತದೆಯೇ? ನನ್ನ ಗಂಡನ ತೊಡೆಯಲ್ಲಿ ಈಗ ಕಬ್ಬಿಣದ ಪಟ್ಟಿ ಇದೆ. ಹೊಲಿಗೆ ಯಂತ್ರದ ಪೆಡಲು ತುಳಿಯುವ ಕಾಲು ಅದು. ಇನ್ನು ತುಳಿಯಲಾಗದು ಎಂದು ಡಾಕ್ಟರು ಹೇಳಿದ ದಿನ ಅವರು ಗೋಡೆಯ ಕಡೆ ತಿರುಗಿ ಮಲಗಿದರು, ಸಂಜೆಯವರೆಗೂ ಈ ಕಡೆ ತಿರುಗಲಿಲ್ಲ.

ಅವರು ಮನೆಗೆ ಬಂದ ನಾಲ್ಕನೇ ದಿನ ಠಾಣೆಯಿಂದ ಒಬ್ಬರು ಬಂದರು. ಕೊನೆಗೂ ವಿಚಾರಿಸಲು ಬಂದರಲ್ಲ ಎಂದು ನಾನು, ದಡ್ಡಿ, ಕುರ್ಚಿ ಒರೆಸಿ ಕೊಟ್ಟೆ. ಅವರು ಕೂರಲಿಲ್ಲ. "ಧರ್ಮಸೇನಣ್ಣ, ನಮ್ಮ ಮೂರು ಖಾಕಿ ಪ್ಯಾಂಟು ಹೊಲಿಯೋಕೆ ಕೊಟ್ಟಿದ್ವಲ್ಲ, ಆಗಿದ್ಯಾ?" ಎಂದು ಕೇಳಿದರು. ಠಾಣೆಯ ಅರ್ಧ ಜನರ ಸೊಂಟದ ಅಳತೆ ನನ್ನ ಗಂಡನಿಗೆ ಬಾಯಿಪಾಠ. ಅವರು ಮಲಗಿದ್ದಲ್ಲಿಂದಲೇ, ಒಂದು ಮುಗಿದಿದೆ, ಉಳಿದವಕ್ಕೆ ಅಂಚು ಹೊಲಿಯಬೇಕು, ಕ್ಷಮಿಸಿ ಎಂದರು. ಕ್ಷಮೆ ಕೇಳಿದವರು ಅವರು. ನಾನು ಆ ಮನುಷ್ಯನನ್ನು ಹೊರಗೆ ನಡೆಯಿರಿ ಎಂದೆ. ಪ್ಯಾಂಟುಗಳು ಇನ್ನೂ ಕಪಾಟಿನಲ್ಲಿವೆ.

ಈಗ ನನ್ನ ಗಂಡ ತಪ್ಪೊಪ್ಪಿಕೊಂಡುಬಿಡುತ್ತೇನೆ ಎನ್ನುತ್ತಿದ್ದಾರೆ. "ಇಂದ್ರಾಣಿ, ನಾನು ರಸ್ತೆಗೆ ಇಳಿದಿದ್ದು ನಿಜ ತಾನೆ? ದಂಡ ಕಟ್ಟಿ ಮುಗಿಸೋಣ. ಇವರ ಹತ್ರ ಬಡಿದಾಡೋಕೆ ನನಗೆ ಕಾಲಿಲ್ಲ," ಎಂದರು ನಿನ್ನೆ. ತಪ್ಪೊಪ್ಪಿಕೊಂಡರೆ ಅಲ್ಲಿಗೆ ಕಡತ ಮುಚ್ಚುತ್ತದೆ, ತೊಂಬತ್ತಾರು ಹೂತುಹೋಗುತ್ತದೆ. ತಮಗೆ ಬೇಕಾದದ್ದೂ ಅದೇ ಎಂಬುದು ನನಗೆ ಗೊತ್ತು. ಇಪ್ಪತ್ತೆರಡು ವರ್ಷ ಇದೇ ಕಾನೂನಿನ ಹೆಸರಲ್ಲಿ ಊರವರಿಂದ ದಂಡ ಕಟ್ಟಿಸಿಕೊಂಡ ಕೈ ನನ್ನದು. ಅದನ್ನು ನೆನೆದರೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಒಂಬತ್ತನೇ ತಾರೀಕಿನೊಳಗೆ ಆ ಯಂತ್ರವನ್ನೂ ಅದನ್ನು ಹಿಡಿದಿದ್ದ ಕಾನ್‌ಸ್ಟೇಬಲರನ್ನೂ ನ್ಯಾಯಾಲಯದ ಮುಂದೆ ತನ್ನಿ. ಕಾಲು ಮುರಿದ ಮೊಕದ್ದಮೆ ಅಲ್ಲಿ ನಡೆಯಲಿ. ವೇಗ ಮೀರಿದ್ದಕ್ಕೆ ಮಾತ್ರ ತಮ್ಮ ಚಾಲಕರ ಲೈಸೆನ್ಸ್ ತೆಗೆದುಕೊಂಡು, ಎಲ್ಲರಿಗೂ ಕೊಡುವ ಚೀಟಿಯನ್ನೇ ಅವರ ಕೈಗೂ ಕೊಡಿ, ಬೇವಿನ ತಿರುವಿನ ಅಂಚೆ ಕಚೇರಿಗೆ ಕಳಿಸಿ. ಪಕ್ಕದ ಬಾಗಿಲಿನಿಂದ ಇಣುಕುವುದು ಬೇಡ, ಸಾಲಿನಲ್ಲಿ ನಿಲ್ಲಲಿ. ಅಷ್ಟಾದರೆ ನನ್ನ ಗಂಡ ತಾನು ರಸ್ತೆಗೆ ಇಳಿದದ್ದನ್ನು ಒಪ್ಪುತ್ತಾರೆ, ಅದರ ದಂಡ ಕಟ್ಟಲೂ ತಯಾರಿದ್ದಾರೆ. ಊರುಗೋಲು ಹಿಡಿದು ಬಂದು ಅದೇ ಸಾಲಿನಲ್ಲಿ, ತಮ್ಮ ಚಾಲಕರ ಹಿಂದೆ ನಿಲ್ಲುತ್ತಾರೆ. ಹನ್ನೊಂದು ವರ್ಷ ಮೊದಲ ಲೋಟ ಪೊಲೀಸರಿಗೇ ಕೊಟ್ಟವರು ಅವರು, ಇಲ್ಲೂ ಮೊದಲ ಸರದಿ ನಿಮ್ಮವರಿಗೇ ಬಿಡುತ್ತಾರೆ.

ಇಂತಿ,
ತಮ್ಮ ಇಲಾಖೆಯವರಿಗಾಗಿ ಇಪ್ಪತ್ತೆರಡು ವರ್ಷ ಕಿಟಕಿ ತೆರೆದು ಕಾದಿದ್ದ,
ಇಂದ್ರಾಣಿ ವೀರಕ್ಕೋಡಿ
ನಿವೃತ್ತ ಪೋಸ್ಟ್ ಮಿಸ್, ಬೇವಿನ ತಿರುವು

(ಖಾಕಿ ಪ್ಯಾಂಟಿನವರು ಬಂದು ಒಯ್ಯಬಹುದು. ಎರಡಕ್ಕೆ ಅಂಚು ಹೊಲಿದಿಲ್ಲ.)