ಹೆಸರುಗಳ ಕೆಳಗಿನ ಜಾಗ

೧೪ ಮಾರ್ಚ್ ೧೯೯೧, ಓಕ್ಲೆಂಡ್

ಲೂಷಿಯಸ್ ಏನನ್ನೋ ಮುಚ್ಚಿಡುತ್ತಿದ್ದಾನೆ.

ಗಂಡಸರನ್ನೇ ಪ್ರೀತಿಸುವ ನಮ್ಮ ಕರಿಯರಿಗಾಗಿ ನಾವಿಬ್ಬರೂ ಏಡ್ಸ್ ಬಗ್ಗೆ ಒಂದು ಚಿತ್ರ ಮಾಡುತ್ತಿದ್ದೇವೆ. ಕೊನೆಯಲ್ಲಿ, ಇಂಥ ಚಿತ್ರಗಳಲ್ಲಿ ಎಂದಿನಂತೆ, ಆ ರೋಗದಿಂದ ತೀರಿಹೋದ ಗೆಳೆಯರ ಹೆಸರುಗಳು ಬರಬೇಕು. ಮಧ್ಯಾಹ್ನ ಸಂಕಲನಕ್ಕೆ ಕೂತು ಸಾಲಿಗೊಂದರಂತೆ ಹನ್ನೊಂದು ಹೆಸರು ಸೇರಿಸಿದೆ. ಬೆನ್ನ ಹಿಂದೆ ನಿಂತಿದ್ದ ಲೂಷಿಯಸ್, "ಕೆಳಗೆ ಎರಡು ಸಾಲು ಖಾಲಿ ಬಿಡೋ," ಎಂದ.

"ಯಾರಿಗೆ ಕಣೋ?"

"ಯಾರಿಗೂ ಅಲ್ಲ ಮಾರಾಯ, ನೋಡೋಕೆ ಚೆನ್ನಾಗಿರುತ್ತೆ. ಡೈರೆಕ್ಟರ್ ನಾನೋ ನೀನೋ?"

ನಕ್ಕ. ಏಳು ವರ್ಷದಿಂದ ಅವನ ಪಕ್ಕದಲ್ಲಿ ಮಲಗುವ ನನಗೆ ಅದು ಸುಳ್ಳು ನಗುವೆಂದು ಗೊತ್ತಾಗದೇ?

ಹೋದ ವಾರವೂ ಅಷ್ಟೇ. ಏಡ್ಸ್ ಪರೀಕ್ಷೆ ಮಾಡುವ ಕ್ಲಿನಿಕ್ಕಿಗೆ ಯಾಕೆ ಹೋಗಿದ್ದೆಯೆಂದು ನಾನು ಕೇಳಿದ್ದಕ್ಕೆ, "ನಮ್ ಪೋಸ್ಟರ್ ಅಂಟಿಸೋಕೆ ಕಣೋ," ಎಂದಿದ್ದ. ಪೋಸ್ಟರ್ ಇನ್ನೂ ಅಚ್ಚೇ ಆಗಿಲ್ಲ.

ಚಿತ್ರದಲ್ಲಿ ಮಾತ್ರ ಕ್ಯಾಮೆರಾವನ್ನೇ ದಿಟ್ಟಿಸಿ ಹೇಳುತ್ತಾನೆ: "ಪರೀಕ್ಷೆ ಮಾಡಿಸ್ಕೊಳ್ರಪ್ಪಾ. ಪ್ರೀತಿಸೋರ ಹತ್ರ ಮುಚ್ಚಿಡಬೇಡಿ." ಆ ಮಾತನ್ನು ಹತ್ತು ಸಲ ಕತ್ತರಿಸಿ ಜೋಡಿಸಿದವನು ನಾನು.

ಖಾಲಿ ಜಾಗ ಅವನ ಹೆಸರಿಗೇ ಎಂದುಕೊಂಡು ಇಷ್ಟು ಹೊತ್ತು ಅತ್ತೆ. ಈಗ ಹೊಳೆಯುತ್ತಿದೆ, ಅವನು ಕೇಳಿದ್ದು ಎರಡು ಸಾಲು. ನಾನಿನ್ನೂ ಪರೀಕ್ಷೆ ಮಾಡಿಸಿಲ್ಲ.